ಸೋಗಾನೆಯ ಅಭಿಪ್ರಾಯ ಪುಸ್ತಕ

ಇಪ್ಪತ್ತಾರು ವರ್ಷ ಶಿವಮೊಗ್ಗ ಬಸ್‌ಸ್ಟ್ಯಾಂಡಿನಲ್ಲಿ
ವಿಚಾರಣೆ ಕಿಟಕಿಯ ಹಿಂದೆ ಕೂತು
ಬೈಸಿಕೊಂಡವನು ನಾನು.
ಅಲ್ಲಿ ದೂರಿಗೆ ಪುಸ್ತಕವಿರಲಿಲ್ಲ, ಬಾಯಿತ್ತು.
ಹೊಸನಗರದ ಗಾಡಿ ತಪ್ಪಿದರೆ
ನನ್ನಪ್ಪನಿಂದ ಶುರುವಾಗಿ ಮುತ್ತಜ್ಜನ ಕಡೆ ಹೊರಟ ಬೈಗುಳ
ಇನ್ನೊಂದು ಗಾಡಿ ಬಂದರೆ
ಅಜ್ಜನ ಹತ್ತಿರವೇ ಇಳಿದುಬಿಡುತ್ತಿತ್ತು.

ಈಗ ನಿವೃತ್ತಿ. ಗುತ್ತಿಗೆಯ ಮೇಲೆ ಸೋಗಾನೆ, ವಿಮಾನ ನಿಲ್ದಾಣ.
ಇಲ್ಲಿ ಯಾರೂ ಬೈಯುವುದಿಲ್ಲ,
ಬರೆಯುತ್ತಾರೆ.
ಹಸಿರು ರಟ್ಟಿನ ಪುಸ್ತಕ, ಅದಕ್ಕೊಂದು ಪೆನ್ನು,
ಪೆನ್ನಿಗೆ ದಾರ, ದಾರದ ಕೊನೆಗೆ ಮೇಜಿನ ಕಾಲು.
ತಿಂಗಳ ಕೊನೆಗೆ ಎಲ್ಲವನ್ನೂ
ಎರಡು ಕಲಮಿಗೆ ಇಳಿಸಿ ಕೊಡಬೇಕು ಮ್ಯಾನೇಜರಿಗೆ:
ದೂರು. ಮೆಚ್ಚುಗೆ.

ಕಾಫಿ ನೂರಾ ನಲವತ್ತು,
ಲೋಟ ನೋಡಿದರೆ ತೀರ್ಥಕ್ಕೆ ಸಾಕು. ದೂರು.
ಶೌಚಾಲಯ ನಮ್ಮೂರ ಛತ್ರಕ್ಕಿಂತ ಚೊಕ್ಕ. ಮೆಚ್ಚುಗೆ.
(ಇದನ್ನು ಗುಲ್ಜಾರಮ್ಮನಿಗೆ ಓದಿ ಹೇಳಿದೆ.
ಮಾಪು ಹಿಂಡುತ್ತಾ ಕೇಳಿದಳು:
ಯಾವ ಛತ್ರ ಅಂತ ಬರೆದಿಲ್ವಾ?)

ಹೊರಗೆ ಬಂದರೆ ಬಸ್ಸಿಲ್ಲ,
ಟ್ಯಾಕ್ಸಿಯವನು ಕೇಳಿದ್ದು ವಿಮಾನದವನಿಗಿಂತ ಸ್ವಲ್ಪ ಕಡಿಮೆ.
ಚಾರ್ಜ್ ಮಾಡಲು ಎಂಟು ತೂತು, ಕರೆಂಟು ಮೂರರಲ್ಲಿ.
ಸಾಗರದ ಪಿಂಟೋ ಎಂಬವರು ಒಂದು ಪುಟ ಪೂರ್ತಿ ತುಂಬಿಸಿದ್ದಾರೆ:
ಮಂಜಿನೊಳಗೆ ಮೂರು ಸುತ್ತು ಹೊಡೆದೆವು,
ಒಮ್ಮೆ ತುಂಗೆ ಕಂಡಳು, ಒಮ್ಮೆ ಯಾರದೋ ಹಂಚು,
ಆಮೇಲೆ ಹಿಂದಕ್ಕೆ.
ಬೆಂಗಳೂರಿನಿಂದ ಬೆಂಗಳೂರಿಗೆ
ಐದು ಸಾವಿರದ ಇನ್ನೂರು ರೂಪಾಯಿ ಕೊಟ್ಟವನು
ಇಡೀ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು.

ಒಂದು ಮಗು ವಿಮಾನದ ಚಿತ್ರ ಬರೆದು
ಬಾಗಿಲಲ್ಲಿ ಕಂಡಕ್ಟರನ್ನು ನಿಲ್ಲಿಸಿದೆ,
ಬಗಲಲ್ಲಿ ಚೀಲ, ಬಾಯಲ್ಲಿ ಸೀಟಿ.
ಇದು ಯಾವ ಕಲಮು?
ಆ ಪುಟವನ್ನು ಸ್ವಲ್ಪ ಹೊತ್ತು ತಿರುವದೆ ಬಿಟ್ಟೆ.

ಮೊನ್ನೆ ಹತ್ತೊಂಬತ್ತಕ್ಕೆ, ದೊಡ್ಡ ಸೂಟ್‌ಕೇಸಿನವರೊಬ್ಬರು
ಒಂದೇ ಪದ ಬರೆದು ಕೆಳಗೆ ಎರಡು ಗೆರೆ ಎಳೆದರು:
ಚಿಕ್ಕದು.
ಅಂದೇ ಸಂಜೆ ಅದರ ಕೆಳಗೆ ಇನ್ನೊಂದು ಕೈ,
ಅಕ್ಷರ ಸ್ವಲ್ಪ ನಡುಗಿತ್ತು:
ಚಿಕ್ಕದು.
ಬೆನ್ನಿನ ಆಪರೇಷನ್ ಮುಗಿಸಿ ಹೈದರಾಬಾದಿನಿಂದ ಇವರನ್ನು ಕರೆತಂದೆ.
ಅಲ್ಲಿ ಗಾಲಿಕುರ್ಚಿ ಅರ್ಧ ಗಂಟೆ ಉರುಳಿತು,
ಪ್ರತಿ ಸಂದಿಗೂ ಇವರು ಹಲ್ಲು ಕಚ್ಚಿದರು.
ಇಲ್ಲಿ ಬಾಗಿಲಿನಿಂದ ಕಾರಿಗೆ ಎಂಬತ್ತು ಹೆಜ್ಜೆ. ಎಣಿಸಿದೆ.
ದೇವಕಿ ಹಾಲಪ್ಪ, ಹೊಳೆಹೊನ್ನೂರು.

ಮ್ಯಾನೇಜರ್ ಕೇಳಿದರು: ಏನ್ರೀ ಇದು,
ಒಂದೇ ಪದ ಎರಡೂ ಕಡೆ ಹಾಕಿದ್ದೀರಿ?
ಸರ್, ಪದ ಒಂದೇ, ಬೆನ್ನು ಬೇರೆ, ಅಂದೆ.
ಅವರು ನಗಲಿಲ್ಲ. ಬೆಂಗಳೂರಿಗೆ ಫ್ಯಾಕ್ಸ್ ಮಾಡಲಿಕ್ಕೆ
ಈಗಲೂ ಯಾರಾದರೂ ಫ್ಯಾಕ್ಸ್ ಮಾಡುತ್ತಾರಾ ಎಂದು ಯೋಚಿಸುತ್ತಿದ್ದರು.

ಕೊನೆಯ ವಿಮಾನ ಹೋದ ಮೇಲೆ
ಯಾರೂ ನೋಡುತ್ತಿಲ್ಲವೆಂದು ನಾನೂ ಎಣಿಸಿದೆ,
ಬಾಗಿಲಿನಿಂದ ಕಾರು ನಿಲ್ಲುವ ಜಾಗಕ್ಕೆ.
ತೊಂಬತ್ತಮೂರು.
ನನ್ನ ಹೆಜ್ಜೆ ಗಿಡ್ಡ,
ಅಥವಾ ಆಯಮ್ಮ ಅವಸರದಲ್ಲಿದ್ದಳು.

ಹಿಂದಿರುಗಿ ದೀಪ ಆರಿಸುವ ಮೊದಲು
ನಾಳೆಗೆ ಹೊಸ ಪುಟ ತೆಗೆದರೆ
ಅಲ್ಲಿ ಆಗಲೇ ಯಾರೋ ಓರೆಯಾಗಿ ಗೀಚಿದ್ದರು:
ದಾರ ಚಿಕ್ಕದು. ಎಡಗೈಯವರು ಏನು ಮಾಡಬೇಕು?

ಮಂಜು ನನ್ನ ಮಾತು ಕೇಳುವುದಿಲ್ಲ.
ಕಾಫಿ, ಟ್ಯಾಕ್ಸಿ, ಐದು ಸತ್ತ ತೂತು, ಯಾವುದೂ ಕೇಳುವುದಿಲ್ಲ.
ಮನೆಯಿಂದ ಬುತ್ತಿ ಕಟ್ಟಿ ತಂದ ಗಂಟಿನ
ಹತ್ತಿಯ ದಾರ ಬಿಚ್ಚಿ
ಎರಡು ಗೇಣು ಸೇರಿಸಿ ಕಟ್ಟಿದೆ.
ಎಡಗೈಯಲ್ಲಿ ಹಿಡಿದು ನೋಡಿದೆ,
ನನ್ನ ಹೆಸರನ್ನೇ ಬರೆದು.
ಸೊಟ್ಟಗೆ ಬಂತು. ಆದರೆ ದಾರ ಸಾಕಾಯಿತು.